ಸಣ್ಣ ಮೀನುದೋಣಿಗೆ ಟ್ರೋಲಿಂಗ್ ಮೋಟರ್: ಪಂಖದಿಂದ ಬ್ಯಾಟರಿಯವರೆಗೆ

ಟ್ರೋಲಿಂಗ್ ಎಂದೊಡನೆ ನಮ್ಮ ಕರಾವಳಿಯವರಿಗೆ ನೆನಪಾಗುವುದು ಟ್ರಾಲ್ ಬೋಟು, ಅಂದರೆ ಕಡಲಿನ ತಳದ ಮೇಲೆ ದೊಡ್ಡ ಬಲೆಯನ್ನು ಎಳೆದುಕೊಂಡು ಹೋಗುವ ದೋಣಿ. ಹೆಸರು ಹತ್ತಿರವಾದರೂ ಎರಡೂ ಬೇರೆ ಬೇರೆ. ದೋಣಿಯನ್ನು ನಿಧಾನವಾಗಿ ನಡೆಸುತ್ತ ಅದರ ಹಿಂದೆ ಗಾಳದ ದಾರವನ್ನು ಇಳಿಬಿಟ್ಟು ಎಳೆಯುವ ಕ್ರಮಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಆ ನಿಧಾನದ ನಡಿಗೆಗೆಂದೇ ಮಾಡಿದ ಸಣ್ಣ ವಿದ್ಯುತ್ ಮೋಟರಿಗೂ ಅದೇ ಹೆಸರು ಅಂಟಿಕೊಂಡಿತು. 1934ರಲ್ಲಿ ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಫಾರ್ಗೊ ಪಟ್ಟಣದಲ್ಲಿ ಓ. ಜಿ. ಶ್ಮಿಟ್ ಎಂಬವರು ಫೋರ್ಡ್ ಕಾರಿನ ಸ್ಟಾರ್ಟರ್ ಮೋಟರಿಗೆ ದಂಡವನ್ನೂ ಪಂಖವನ್ನೂ ಜೋಡಿಸಿ ಇಂಥದೊಂದು ಯಂತ್ರವನ್ನು ರೂಪಿಸಿದರು. ಮಿನ್ನೆಸೋಟಾ ಮತ್ತು ಡಕೋಟಾ ಎಂಬ ನೆರೆಯ ಸೀಮೆಗಳ ಹೆಸರನ್ನು ಕೂಡಿಸಿ ಇಟ್ಟ ‘ಮಿನ್ ಕೋಟಾ’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಇಂದು ಸಿಗುವ ಮೋಟರಿನ ರಚನೆ ಸರಳವಾಗಿದೆ: ಮೇಲೆ ಕೈಹಿಡಿ, ನಡುವೆ ಉದ್ದನೆಯ ಕೊಳವೆ, ಕೊಳವೆಯ ಕೆಳತುದಿಯಲ್ಲಿ ನೀರೊಳಗೆ ಮುಳುಗಿರುವ ಮೋಟರು ಮತ್ತು ಪಂಖ.

ಅಘನಾಶಿನಿಯಂಥ ನದಿಯ ಅಳಿವೆ ಪ್ರದೇಶದಲ್ಲಿ, ಶರಾವತಿ ಹಿನ್ನೀರಿನಲ್ಲಿ, ಒಳನಾಡಿನ ದೊಡ್ಡ ಕೆರೆಗಳಲ್ಲಿ ಒಬ್ಬಿಬ್ಬರು ಕೂತು ಬೀಸುಬಲೆ ಬೀಸುವ ಅಥವಾ ಗಾಳ ಹಾಕುವ ದೋಣಿಗೆ ಇದು ಬಹಳ ಒಪ್ಪುವ ಸಾಧನ. ಹುಟ್ಟು ಹಾಕುವ ಕೈ ಬಲೆಗೆ ಬಿಡುವಾಗುತ್ತದೆ, ಎಣ್ಣೆಯ ವಾಸನೆಯಿಲ್ಲ, ಮೀನು ಬೆದರುವಷ್ಟು ಸದ್ದಿಲ್ಲ. ಆದರೆ ಇದನ್ನು ಸಣ್ಣ ಓಬಿಎಂ, ಅಂದರೆ ದೋಣಿಯ ಹೊರಬದಿಗೆ ಕಟ್ಟುವ ಎಣ್ಣೆಯ ಎಂಜಿನ್, ಎಂದು ತಿಳಿದು ಖರೀದಿಸಿದವರು ಬಹುಪಾಲು ನಿರಾಶರಾಗುತ್ತಾರೆ. ಅಂಗಡಿಯಲ್ಲಿ ಎಲ್ಲರ ಕಣ್ಣೂ ಮೋಟರಿನ ಮೇಲಿರುತ್ತದೆ. ಮೋಟರನ್ನು ದೋಣಿಗೆ ಕೂರಿಸುವುದಾದರೋ ಎರಡು ತಿರುಪು ಬಿಗಿಯುವ ಕೆಲಸ, ಹೆಚ್ಚೆಂದರೆ ಅರ್ಧ ಗಂಟೆ. ಕಷ್ಟವಿರುವುದು, ಕೆಡುವುದು, ಹಣ ಹೋಗುವುದು ಎಲ್ಲವೂ ಮೋಟರಿನ ಹಿಂದಿರುವ ತಂತಿಯಲ್ಲಿ ಮತ್ತು ಬ್ಯಾಟರಿಯಲ್ಲಿ. ಹಾಗಾಗಿ ಈ ಲೇಖನದಲ್ಲಿ ನಾನು ನೀರಿನಿಂದ ಹೊರಟು ಹಿಂದಕ್ಕೆ, ಪಂಖದಿಂದ ಬ್ಯಾಟರಿಯ ಕಡೆಗೆ ಹೋಗುತ್ತೇನೆ. ನೀರು ಏನು ಕೇಳುತ್ತದೆ ಎಂಬುದು ಗೊತ್ತಾಗದೆ ಬ್ಯಾಟರಿಯ ಲೆಕ್ಕ ಕೂಡುವುದಿಲ್ಲ.

ಓಬಿಎಂನ ಶಕ್ತಿಯನ್ನು ಅಶ್ವಶಕ್ತಿಯಲ್ಲಿ ಹೇಳುತ್ತಾರೆ, ಟ್ರೋಲಿಂಗ್ ಮೋಟರಿನದನ್ನು ನೂಕುಬಲದಲ್ಲಿ, ಅದೂ ಪೌಂಡಿನಲ್ಲಿ ಹೇಳುತ್ತಾರೆ. 30, 40, 45, 55 ಪೌಂಡಿನವು 12 ವೋಲ್ಟಿನಲ್ಲಿ ಓಡುತ್ತವೆ. 70-80 ಪೌಂಡಿನವಕ್ಕೆ 24 ವೋಲ್ಟ್ ಬೇಕು, ಅಂದರೆ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಬೇಕು. 55 ಪೌಂಡ್ ಎಂದರೆ ಸುಮಾರು 25 ಕಿಲೋ. ದೋಣಿಯನ್ನು ದಕ್ಕೆಯ ಕಂಬಕ್ಕೆ ಹಗ್ಗದಲ್ಲಿ ಕಟ್ಟಿ ಮೋಟರನ್ನು ಪೂರ್ತಿ ಓಡಿಸಿದರೆ ಆ ಹಗ್ಗದ ಮೇಲೆ 25 ಕಿಲೋ ತೂಕದ ಮೂಟೆ ತೂಗುಹಾಕಿದಷ್ಟು ಎಳೆತ ಬೀಳುತ್ತದೆ ಎಂದು ಅದರ ಅರ್ಥ. ಆ ಸಂಖ್ಯೆ ವೇಗದ ಬಗ್ಗೆ ಏನನ್ನೂ ಹೇಳುವುದಿಲ್ಲ. ಗಾಡಿಗೆ ಒಂದು ಜೊತೆ ಎತ್ತಿನ ಬದಲು ಎರಡು ಜೊತೆ ಹೂಡಿದರೆ ಹೆಚ್ಚು ಭಾರವನ್ನು ಎಳೆಯಬಹುದು, ಏರಿನಲ್ಲಿ ಗಾಡಿ ನಿಲ್ಲುವುದಿಲ್ಲ. ಹಾಗೆಂದು ಎತ್ತುಗಳ ನಡಿಗೆ ಕುದುರೆಯ ಓಟವಾಗುವುದಿಲ್ಲ. ಟ್ರೋಲಿಂಗ್ ಮೋಟರಿನ ಪಂಖದ ತಿರುವು ಮತ್ತು ಸುತ್ತುವ ವೇಗ ಎರಡನ್ನೂ ಎತ್ತಿನ ನಡಿಗೆಗೆ ಹೊಂದಿಸಿಯೇ ಮಾಡಿರುತ್ತಾರೆ. ನಿಂತ ನೀರಿನಲ್ಲಿ, ಗಾಳಿಯಿಲ್ಲದಾಗ ಗಂಟೆಗೆ 6ರಿಂದ 8 ಕಿಲೋಮೀಟರ್ ಅದರ ಮಿತಿ.

ದೋಣಿಯ ಒಡಲಿಗೂ ತನ್ನದೇ ಮಿತಿಯಿದೆ. ನೀರನ್ನು ಸೀಳಿಕೊಂಡು ಹೋಗುವ ಯಾವ ದೋಣಿಯೂ ತಾನೇ ಎಬ್ಬಿಸಿದ ಅಲೆಯನ್ನು ಸುಲಭವಾಗಿ ದಾಟಲಾರದು. ನೀರಿಗೆ ತಾಗುವ ಉದ್ದವನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲವನ್ನು 4.5ರಿಂದ ಗುಣಿಸಿದರೆ ಗಂಟೆಗೆ ಕಿಲೋಮೀಟರ್ ಲೆಕ್ಕದಲ್ಲಿ ಆ ಮಿತಿ ಸಿಗುತ್ತದೆ. 4 ಮೀಟರಿನ ದೋಣಿಗೆ ಅದು 9. ಆ ಮಿತಿ ಸಮೀಪಿಸುತ್ತಿದ್ದಂತೆ ಬೇಕಾಗುವ ಶಕ್ತಿ ಕಡಿದಾಗಿ ಏರುತ್ತದೆ. ಅದಕ್ಕಿಂತ ಕೆಳಗೂ ವೇಗ ಎರಡರಷ್ಟಾದರೆ ಶಕ್ತಿ ಸುಮಾರು ಎಂಟರಷ್ಟು ಬೇಕಾಗುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಬ್ಯಾಟರಿಯ ಲೆಕ್ಕಕ್ಕೆ ಬಂದಾಗ ಇದೇ ಮುಖ್ಯವಾಗುತ್ತದೆ.

ಎಷ್ಟು ಪೌಂಡಿನ ಮೋಟರು ಸಾಕು? ದೋಣಿಯ ಒಟ್ಟು ತೂಕದ ಪ್ರತಿ 45 ಕಿಲೋಗೆ 2 ಪೌಂಡ್ ಎಂಬುದು ರೂಢಿಯ ಸೂತ್ರ. 14 ಅಡಿಯ ಫೈಬರ್ ದೋಣಿಯೊಂದನ್ನು ತೆಗೆದುಕೊಳ್ಳೋಣ: ದೋಣಿ 120 ಕಿಲೋ, ಇಬ್ಬರು 130, ಬ್ಯಾಟರಿ 30, ಬಲೆ, ಮಂಜುಗಡ್ಡೆ, ಮೀನು ಸೇರಿ 70, ಒಟ್ಟು 350 ಕಿಲೋ. ಸೂತ್ರದ ಪ್ರಕಾರ 16 ಪೌಂಡ್ ಸಾಕು. ಕೆರೆಯಲ್ಲಿ ಗಾಳಿಯಿಲ್ಲದ ಬೆಳಗ್ಗೆ ಅದು ನಿಜವೂ ಹೌದು. ಆದರೆ ಅಳಿವೆಯಲ್ಲಿ ನೀರು ನಿಲ್ಲುವುದೇ ಇಲ್ಲ. ಸುಮಾರು ಆರು ಗಂಟೆಗೊಮ್ಮೆ ಉಬ್ಬರ ಮತ್ತು ಇಳಿತ ಬದಲಾಗುತ್ತವೆ. ಜೊತೆಗೆ ಪಶ್ಚಿಮಕ್ಕೆ ಹರಿದು ಕಡಲು ಸೇರುವ ನದಿಗಳಲ್ಲಿ ಮಧ್ಯಾಹ್ನದ ಪಡುವಣ ಗಾಳಿ ನೇರ ಮುಖಕ್ಕೆ ಹೊಡೆಯುತ್ತದೆ. ಬೆಳಗ್ಗೆ ನದಿಯ ಮೇಲ್ಭಾಗಕ್ಕೆ ಹೋದವರು ಮನೆಗೆ ಮರಳುವ ಹೊತ್ತಿಗೆ ಆ ಗಾಳಿ ಎದ್ದಿರುತ್ತದೆ. ಆದ್ದರಿಂದ ಅಳಿವೆಯ ದೋಣಿಗೆ ಸೂತ್ರದ ಮೂರರಷ್ಟು, ಅಂದರೆ 45ರಿಂದ 55 ಪೌಂಡ್ ಇರಲಿ ಎಂಬುದು ನನ್ನ ಅಭಿಪ್ರಾಯ. ಹೆಚ್ಚಿನ ಬಲವನ್ನು ದಿನವೂ ಬಳಸಬೇಕಾಗಿಲ್ಲ, ಬೇಕಾದ ದಿನ ಇಲ್ಲದಿದ್ದರೆ ಮಾತ್ರ ಕಷ್ಟ.

ಇನ್ನು ಕೂರಿಸುವ ಜಾಗ. ಹಿಂಬದಿಯಲ್ಲಿ ನೇರ ಹಲಗೆಯಿರುವ ಫೈಬರ್ ದೋಣಿಯಾದರೆ ಮೋಟರಿನ ಹಿಡಿಕಟ್ಟನ್ನು ಆ ಹಲಗೆಗೆ ಸಿಕ್ಕಿಸಿ ಎರಡು ತಿರುಪುಗಳನ್ನು ಬಿಗಿದರಾಯಿತು. ಫೈಬರ್ ಹಲಗೆ ತೆಳುವಾಗಿದ್ದರೆ ತಿರುಪಿನ ಬಿಲ್ಲೆಯ ಒತ್ತಡಕ್ಕೆ ಅಲ್ಲೇ ಬಿರುಕು ಬಿಡುತ್ತದೆ. ಒಳಗೂ ಹೊರಗೂ ನೀರು ತಡೆಯುವ ಪ್ಲೈವುಡ್ಡಿನ ಒಂದೊಂದು ಅಗಲ ತುಂಡನ್ನು ಇಟ್ಟು, ಸ್ಟೇನ್‌ಲೆಸ್ ಬೋಲ್ಟಿನಿಂದ ಜೋಡಿಸಿ, ಅದರ ಮೇಲೆ ಹಿಡಿಕಟ್ಟು ಕೂರಿಸಿದರೆ ಒತ್ತಡ ಹಂಚಿಹೋಗುತ್ತದೆ. ತಿರುಪು ಎಷ್ಟೇ ಬಿಗಿಯಾಗಿದ್ದರೂ ನಡುಕಕ್ಕೆ ಸಡಿಲವಾಗುವುದುಂಟು. ಹಾಗಾಗಿ ಮೋಟರಿನಿಂದ ದೋಣಿಯ ಒಳಗಿನ ಕೊಂಡಿಗೆ ಒಂದು ಗಟ್ಟಿ ಹಗ್ಗ ಕಟ್ಟಿರಲೇಬೇಕು.

ಎರಡೂ ತುದಿ ಚೂಪಾಗಿರುವ ಮರದ ದೋಣಿಗೆ ಹಿಂಬದಿ ಹಲಗೆಯೇ ಇಲ್ಲ. ಅಲ್ಲಿ ದೋಣಿಗೆ ಅಡ್ಡಲಾಗಿ ಒಂದು ಗಟ್ಟಿ ಮರದ ತುಂಡನ್ನು ಎರಡೂ ಅಂಚಿಗೆ ಬಿಗಿದು, ಅದರ ಹೊರಚಾಚಿದ ತುದಿಗೆ ಮೋಟರನ್ನು ಕೂರಿಸುತ್ತಾರೆ. ಪಕ್ಕದಿಂದ ನೂಕಿದಾಗ ದೋಣಿ ಎದುರು ದಿಕ್ಕಿಗೆ ಸ್ವಲ್ಪ ತಿರುಗಲು ನೋಡುತ್ತದೆ. ಕೈಹಿಡಿಯನ್ನು ಕೊಂಚ ಓರೆಯಾಗಿ ಹಿಡಿದರೆ ಅದು ಸರಿಹೋಗುತ್ತದೆ. ಮರ ಹೊರಚಾಚುವ ಅಳತೆ ಕಡಿಮೆಯಾದಷ್ಟೂ ಒಳ್ಳೆಯದು, ಹೆಚ್ಚಾದರೆ ದೋಣಿ ಒಂದೇ ಕಡೆಗೆ ವಾಲುತ್ತದೆ. ಅಣಿಯದ ಕಡೆ, ಅಂದರೆ ಮುಂಭಾಗದಲ್ಲಿ ಕೂರಿಸುವ ಮೋಟರುಗಳೂ ಇವೆ. ಅವು ದೋಣಿಯನ್ನು ನೂಕುವ ಬದಲು ಎಳೆಯುತ್ತವೆ, ಹಗ್ಗ ಹಿಡಿದು ಹಸುವನ್ನು ಕರೆದೊಯ್ದಂತೆ ದೋಣಿ ಹಿಂದೆ ಹಿಂದೆ ಬರುತ್ತದೆ, ಆದ್ದರಿಂದ ತಿರುಗಿಸುವುದು ಸುಲಭ. ಬೆಲೆ ಹೆಚ್ಚು, ತಂತಿಯ ಉದ್ದವೂ ಹೆಚ್ಚು. ಸಣ್ಣ ದುಡಿಮೆಯ ದೋಣಿಗೆ ಹಿಂಬದಿಯ ಮೋಟರೇ ಸಾಕು.

ಕೊಳವೆಯ ಉದ್ದವನ್ನು ಊಹಿಸಿ ಕೊಳ್ಳಬಾರದು. ಜನ ಕೂತು, ಸಾಮಾನು ಹೇರಿದ ಮೇಲೆ ಹಿಂಬದಿ ಹಲಗೆಯ ಮೇಲಂಚಿನಿಂದ ನೀರಿನ ಮಟ್ಟಕ್ಕೆ ಎಷ್ಟು ದೂರವಿದೆಯೆಂದು ಅಳೆದು, ಅದಕ್ಕೆ ಸುಮಾರು 50 ಸೆಂಟಿಮೀಟರ್ ಕೂಡಿಸಬೇಕು. ಪಂಖದ ರೆಕ್ಕೆಯ ಮೇಲ್ತುದಿ ನೀರಿನಿಂದ ಒಂದಡಿಯಾದರೂ ಕೆಳಗಿರಬೇಕು. ಮೇಲಿದ್ದರೆ ಪಂಖ ಗಾಳಿಯನ್ನು ಹೀರಿಕೊಂಡು ನೊರೆ ಎಬ್ಬಿಸುತ್ತದೆ, ಸದ್ದು ಮಾತ್ರ ಬರುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಕೊಳವೆ ನೆಟ್ಟಗೆ ನಿಂತಿರಬೇಕು, ಓರೆಯಾಗಿದ್ದರೆ ನೂಕುಬಲದ ಒಂದು ಪಾಲು ದೋಣಿಯ ಹಿಂಭಾಗವನ್ನು ಎತ್ತುವುದಕ್ಕೋ ಒತ್ತುವುದಕ್ಕೋ ವ್ಯರ್ಥವಾಗುತ್ತದೆ.

ಪಂಖದ ಬಳಿ ಇನ್ನೊಂದು ಶತ್ರುವಿದೆ, ಅದು ನಮ್ಮದೇ ನೈಲಾನ್ ದಾರ. ಹರಿದ ಬಲೆಯ ಎಳೆ ಅಥವಾ ಗಾಳದ ದಾರ ಪಂಖಕ್ಕೆ ಸುತ್ತಿಕೊಂಡರೆ ಅದು ರೆಕ್ಕೆಯಲ್ಲಿ ನಿಲ್ಲದೆ ಹಿಂದಕ್ಕೆ ಜಾರಿ, ಪಂಖಕ್ಕೂ ಮೋಟರಿನ ಕವಚಕ್ಕೂ ನಡುವಿನ ಸಂದಿಯಲ್ಲಿ ಸುತ್ತಿ ಸುತ್ತಿ ಬಿಗಿಯಾಗುತ್ತದೆ. ಅಲ್ಲಿರುವ ರಬ್ಬರಿನ ಸೀಲು ಆ ದಾರಕ್ಕೆ ಕತ್ತರಿಸಿಹೋಗುತ್ತದೆ. ಮರುದಿನವೂ ಮೋಟರು ಓಡುತ್ತದೆ, ವಾರದ ನಂತರವೂ ಓಡುತ್ತದೆ. ಆ ವೇಳೆಗೆ ಒಳಗೆ ನೀರು ಸೇರಿ ಬೇರಿಂಗು ತುಕ್ಕು ಹಿಡಿದಿರುತ್ತದೆ. ತಿಂಗಳಿಗೊಮ್ಮೆ ಬ್ಯಾಟರಿಯ ತಂತಿ ಕಳಚಿ, ಪಂಖದ ನಟ್ಟು ಬಿಚ್ಚಿ, ಪಂಖ ತೆಗೆದು ಹಿಂದೆ ಏನಿದೆಯೆಂದು ನೋಡುವುದು ಹತ್ತು ನಿಮಿಷದ ಕೆಲಸ. ಪಂಖವನ್ನು ಹಿಡಿದಿರುವ ಸಣ್ಣ ಅಡ್ಡ ಕಡ್ಡಿ ಗಟ್ಟಿ ವಸ್ತುವಿಗೆ ತಾಗಿದಾಗ ತಾನು ಮುರಿದು ಮೋಟರನ್ನು ಉಳಿಸುತ್ತದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮರಗಳ ಬೊಡ್ಡೆಗಳು ಬೇಸಿಗೆಯಲ್ಲಿ ನೀರಿಳಿದಾಗ ಇಂದಿಗೂ ತಲೆಯೆತ್ತುತ್ತವೆ. ಅಂಥ ನೀರಿಗೆ ಹೋಗುವವರು ಎರಡು ಕಡ್ಡಿ, ಒಂದು ನಟ್ಟು, ಒಂದು ಸ್ಪ್ಯಾನರು ಜೇಬಿನಲ್ಲೇ ಇಟ್ಟುಕೊಳ್ಳಬೇಕು.

ಈಗ ತಂತಿ. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡಬೇಕು, ಏಕೆಂದರೆ ಮನೆಯ ವಿದ್ಯುತ್ತಿನ ಅನುಭವ ಇಲ್ಲಿ ತಪ್ಪು ದಾರಿಗೆ ಎಳೆಯುತ್ತದೆ. ಮನೆಯ 230 ವೋಲ್ಟಿನಲ್ಲಿ 600 ವಾಟಿನ ಮಿಕ್ಸರ್ ಎರಡೂವರೆ ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ಎಳೆದುಕೊಳ್ಳುತ್ತದೆ. ಅದೇ 600 ವಾಟಿನ 55 ಪೌಂಡಿನ ಮೋಟರು 12 ವೋಲ್ಟಿನಲ್ಲಿ 50 ಆಂಪಿಯರ್ ಎಳೆಯುತ್ತದೆ. ತಂತಿಗೆ ವೋಲ್ಟಿನ ಚಿಂತೆಯಿಲ್ಲ, ಅದನ್ನು ಬಿಸಿ ಮಾಡುವುದು ಆಂಪಿಯರ್. ಬ್ಯಾಟರಿಯಿಂದ ಮೋಟರಿಗೆ 3 ಮೀಟರ್ ದೂರವಿದ್ದರೆ ಹೋಗಿಬರುವ ತಂತಿ 6 ಮೀಟರ್. ಮನೆಯ ಗೀಸರಿಗೆ ಹಾಕುವ 4 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಬಳಸಿದರೆ ದಾರಿಯಲ್ಲೇ ಸುಮಾರು 1.4 ವೋಲ್ಟ್ ಕಳೆದುಹೋಗುತ್ತದೆ, ಅಂದರೆ ಹನ್ನೆರಡರಲ್ಲಿ ಒಂದಕ್ಕಿಂತ ಹೆಚ್ಚು, ಮತ್ತು ಸುಮಾರು 70 ವಾಟ್ ತಂತಿಯನ್ನು ಕಾಯಿಸುವುದಕ್ಕೆ ಹೋಗುತ್ತದೆ. 16 ಚದರ ಮಿಲಿಮೀಟರಿನ ತಂತಿಯಲ್ಲಿ ಕಳೆಯುವುದು ಮೂರನೇ ಒಂದು ವೋಲ್ಟ್ ಮಾತ್ರ. 3 ಮೀಟರಿಗೆ 16 ಚದರ ಮಿಲಿಮೀಟರ್ ಎಂಬುದನ್ನು ಕನಿಷ್ಠ ಎಂದೇ ತಿಳಿಯಬೇಕು. ಹಲವಾರು ಸಣ್ಣ ಎಳೆಗಳಿರುವ, ಎಳೆಗಳಿಗೆ ತವರದ ಲೇಪವಿರುವ ತಂತಿ ಸಿಕ್ಕರೆ ಉಪ್ಪುಗಾಳಿಗೆ ಅದು ಹೆಚ್ಚು ಕಾಲ ಬಾಳುತ್ತದೆ. ಬರಿ ತಾಮ್ರ ಒಂದೆರಡು ಮಳೆಗಾಲದಲ್ಲಿ ಹಸಿರು ಕಟ್ಟಿ ಪುಡಿಯಾಗುತ್ತದೆ.

ತಂತಿಗಿಂತ ಅಪಾಯಕಾರಿ ಜಾಗ ಅದರ ಗಂಟು. ನಾನು ಮೊದಲ ಸಲ ಮೋಟರು ಅಳವಡಿಸಿದಾಗ ತಂತಿ ಒಂದು ಮೀಟರ್ ಸಾಲದೆ ಬಂದಿತ್ತು. ಎರಡು ತಂತಿಗಳ ಎಳೆಗಳನ್ನು ಕೈಯಲ್ಲೇ ಹೊಸೆದು, ಮೇಲೆ ಕಪ್ಪು ಟೇಪು ಸುತ್ತಿದೆ. ಗಟ್ಟಿಯಾಗಿಯೇ ಸುತ್ತಿದ್ದೆ. ಇಳಿತದ ವಿರುದ್ಧ ಪೂರ್ತಿ ವೇಗದಲ್ಲಿ ಇಪ್ಪತ್ತು ನಿಮಿಷ ಹೋಗಿರಬೇಕು, ಸುಟ್ಟ ರಬ್ಬರಿನ ವಾಸನೆ ಬಂತು. ನೋಡಿದರೆ ಟೇಪು ಕರಗಿ ಅಂಟಾಗಿ ಇಳಿದಿತ್ತು, ಕೆಂಪು ತಂತಿಯ ಹೊದಿಕೆ ಬಲೆಯ ಎಳೆಗೆ ಅಂಟಿಕೊಂಡಿತ್ತು. ತಂತಿಯ ತುದಿ ಕಿತ್ತು, ಹುಟ್ಟು ಹಾಕಿಕೊಂಡು ದಡ ಸೇರಿದೆ. ಆಮೇಲೆ ಲೆಕ್ಕ ಮಾಡಿದಾಗ ಅರ್ಥವಾಯಿತು. ಹೊಸೆದ ಗಂಟಿನಲ್ಲಿ ಒಂದು ಓಮಿನ ನೂರನೇ ಒಂದು ಪಾಲು ತಡೆಯಿದ್ದರೂ ಸಾಕು, 50 ಆಂಪಿಯರಿನಲ್ಲಿ ಅಲ್ಲಿ 25 ವಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸಣ್ಣ ಸೋಲ್ಡರಿಂಗ್ ಕಡ್ಡಿ ಅಷ್ಟೇ ವಾಟಿನದು. ಮರದ ದೋಣಿಯಲ್ಲಿ ಒಣಗಿದ ಬಲೆಯ ಪಕ್ಕದಲ್ಲಿ ನಾನು ಸೋಲ್ಡರಿಂಗ್ ಕಡ್ಡಿಯನ್ನು ಹೊತ್ತಿಸಿ ಇಟ್ಟಿದ್ದೆ. ಆದ್ದರಿಂದ ಗಂಟೇ ಇಲ್ಲದಂತೆ ಅಳೆದು ತಂತಿ ಕೊಳ್ಳಬೇಕು. ತುದಿಗಳಿಗೆ ತಾಮ್ರದ ಲಗ್ಗನ್ನು, ಅಂದರೆ ಬ್ಯಾಟರಿಯ ತಲೆಗೆ ಬಿಗಿಯಲು ತೂತಿರುವ ತುಂಡನ್ನು, ಕ್ರಿಂಪಿಂಗ್ ಸಾಧನದಿಂದ ಒತ್ತಿಸಬೇಕು. ಸುತ್ತಿಗೆಯಲ್ಲಿ ಜಜ್ಜಿಸಬಾರದು. ಲಾರಿ ಬ್ಯಾಟರಿಯ ಕೆಲಸ ಮಾಡುವ ಯಾವ ಆಟೋ ಎಲೆಕ್ಟ್ರಿಷಿಯನ್ನರ ಬಳಿಯೂ ಆ ಸಾಧನವಿರುತ್ತದೆ. ಲಗ್ಗಿನ ಮೇಲೆ ಬಿಸಿಗೆ ಕುಗ್ಗುವ ಕೊಳವೆ, ಬ್ಯಾಟರಿಯ ತಲೆಗೆ ಬಿಗಿದ ಮೇಲೆ ಸ್ವಲ್ಪ ವ್ಯಾಸಲೀನು.

ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸು ಅಥವಾ ಬ್ರೇಕರ್ ಇರಬೇಕು. 55 ಪೌಂಡಿನ ಮೋಟರಿಗೆ 60 ಆಂಪಿಯರಿನದು. ಹನ್ನೆರಡು ವೋಲ್ಟಿನಲ್ಲಿ ಶಾಕ್ ಹೊಡೆಯುವುದಿಲ್ಲ, ಫ್ಯೂಸೇಕೆ ಎಂದು ಕೇಳುವವರಿದ್ದಾರೆ. ಶಾಕ್ ಹೊಡೆಯದು ನಿಜ. ಆದರೆ ಎರಡು ತುದಿಗಳ ಮೇಲೆ ಸ್ಪ್ಯಾನರು ಬಿದ್ದರೆ ಅದೇ ಬ್ಯಾಟರಿ ಒಮ್ಮೆಲೇ ನೂರಾರು ಆಂಪಿಯರ್ ಹರಿಸಿ ಸ್ಪ್ಯಾನರನ್ನು ಕೆಂಪಗೆ ಕಾಯಿಸುತ್ತದೆ. ಫ್ಯೂಸು ಇರುವುದು ಮೋಟರನ್ನು ಕಾಯುವುದಕ್ಕಲ್ಲ, ತಂತಿಗೆ ಬೆಂಕಿ ಹತ್ತದಂತೆ ತಡೆಯುವುದಕ್ಕೆ, ಹಾಗಾಗಿ ಅದು ಬ್ಯಾಟರಿಯ ಬಳಿಯೇ ಇರಬೇಕು. ಮನೆಯ ಮೀಟರ್ ಬೋರ್ಡಿನಲ್ಲಿರುವ ಎಂಸಿಬಿಯನ್ನು ಇಲ್ಲಿ ಹಾಕಬಾರದು. ಮನೆಯ ಎಸಿ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಏರುತ್ತದೆ. ಎಂಸಿಬಿ ತೆರೆದಾಗ ಏಳುವ ಕಿಡಿ ಆ ಸೊನ್ನೆಯ ಕ್ಷಣದಲ್ಲಿ ತಾನಾಗಿ ಆರುತ್ತದೆ. ಬ್ಯಾಟರಿಯ ಡಿಸಿ ವಿದ್ಯುತ್ತಿಗೆ ಸೊನ್ನೆಯ ಕ್ಷಣವೇ ಇಲ್ಲ, ಕಿಡಿ ಉರಿಯುತ್ತಲೇ ಇರಬಹುದು. ಡಿಸಿ ಎಂದು ಬರೆದಿರುವ ಬ್ರೇಕರನ್ನೇ ಕೇಳಿ ಕೊಳ್ಳಬೇಕು.

ಕೊನೆಗೆ ಬ್ಯಾಟರಿ, ಇಡೀ ಏರ್ಪಾಡಿನ ಅತ್ಯಂತ ಭಾರದ ಮತ್ತು ಬಹುಮಟ್ಟಿಗೆ ಅತ್ಯಂತ ದುಬಾರಿಯ ಭಾಗ. 12 ವೋಲ್ಟಿನ 100 ಆಂಪಿಯರ್-ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಅಳತೆ) ಬ್ಯಾಟರಿಯಲ್ಲಿ ಸುಮಾರು 1.2 ಯೂನಿಟ್ ವಿದ್ಯುತ್ತು ಹಿಡಿಸುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿರುವುದು ಸುಮಾರು 9 ಯೂನಿಟ್. ಎಂಜಿನ್ನು ಅದರ ಬಹುಪಾಲನ್ನು ಶಾಖವಾಗಿ ಚೆಲ್ಲುತ್ತದೆ, ಮೋಟರು ಅಷ್ಟು ಚೆಲ್ಲುವುದಿಲ್ಲ. ಆದರೂ ನಾವು ದೋಣಿಗೆ ಎತ್ತಿಡುವ 30 ಕಿಲೋ ಬ್ಯಾಟರಿಯಲ್ಲಿರುವುದು ಒಂದು ಲೋಟ ಪೆಟ್ರೋಲಿನಷ್ಟು ಶಕ್ತಿಯೂ ಅಲ್ಲ. ಆದ್ದರಿಂದಲೇ ಇಲ್ಲಿ ಜಿಪುಣತನ ಬೇಕು.

ಕಾರಿನ ಬ್ಯಾಟರಿಯನ್ನು ಇದಕ್ಕೆ ಹಾಕಬಾರದು. ಅದರ ತಗಡುಗಳು ತೆಳು, ಒಂದೆರಡು ಸೆಕೆಂಡ್ ಹೆಚ್ಚು ಆಂಪಿಯರ್ ಕೊಟ್ಟು ಎಂಜಿನ್ ಎಬ್ಬಿಸಲು ಮಾಡಿದವು. ಪೂರ್ತಿ ಖಾಲಿ ಮಾಡಿ ಮತ್ತೆ ತುಂಬುವುದನ್ನು ಕೆಲವು ಹತ್ತು ಸಲಕ್ಕಿಂತ ಹೆಚ್ಚು ತಡೆಯಲಾರವು. ದಪ್ಪ ತಗಡಿನ ಡೀಪ್ ಸೈಕಲ್ ಬ್ಯಾಟರಿ ಬೇಕು. ಇ-ರಿಕ್ಷಾದ ಬ್ಯಾಟರಿ ಈ ಜಾತಿಯದು ಮತ್ತು ಸಣ್ಣ ಪಟ್ಟಣದಲ್ಲೂ ಸಿಗುತ್ತದೆ. ಮನೆಯ ಇನ್ವರ್ಟರಿನ ಎತ್ತರದ ಟ್ಯೂಬುಲರ್ ಬ್ಯಾಟರಿಯೂ ಆಳವಾಗಿ ಖಾಲಿಯಾಗುವುದನ್ನು ತಡೆಯುತ್ತದೆ, ಆದರೆ 150 ಆಂಪಿಯರ್-ಅವರಿನದು 50 ಕಿಲೋ ಮೀರುತ್ತದೆ, ಎತ್ತರವಾದ್ದರಿಂದ ಅಲೆಗೆ ತೂಗಾಡುತ್ತದೆ, ವಾಲಿದರೆ ಆಸಿಡ್ ಚೆಲ್ಲುತ್ತದೆ.

ಬ್ಯಾಟರಿಯ ಮೇಲೆ ಬರೆದ 100 ಎಂಬ ಸಂಖ್ಯೆಯಲ್ಲಿ ಒಂದು ಷರತ್ತು ಅಡಗಿದೆ. ಸೀಸ-ಆಸಿಡ್ ಬ್ಯಾಟರಿಯಲ್ಲಿ ಅದು ಸಾಮಾನ್ಯವಾಗಿ 20 ಗಂಟೆಯ ಲೆಕ್ಕ, 5 ಆಂಪಿಯರಿನಂತೆ ನಿಧಾನವಾಗಿ ಹೀರಿದರೆ ಮಾತ್ರ 100 ಸಿಗುತ್ತದೆ. 50 ಆಂಪಿಯರಿನಂತೆ ಹೀರಿದರೆ 60-65 ಸಿಕ್ಕರೆ ಹೆಚ್ಚು. ಅದರಲ್ಲೂ ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹೀಗೆ 100 ಎಂದು ಬರೆದ ಬ್ಯಾಟರಿ ಪೂರ್ತಿ ವೇಗದಲ್ಲಿ ನಿಜವಾಗಿ ಕೊಡುವುದು ನಲವತ್ತು ನಿಮಿಷದ ಓಟ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ಕೊರತೆ ಬಹಳ ಕಡಿಮೆ. 100ರಲ್ಲಿ 80ನ್ನು ನಿಶ್ಚಿಂತೆಯಿಂದ ಬಳಸಬಹುದು, ಅದೇ ವೇಗದಲ್ಲಿ ಒಂದೂವರೆ ಗಂಟೆ ಓಡುತ್ತದೆ, ತೂಕ 12 ಕಿಲೋದ ಆಸುಪಾಸು, ಎರಡು ಸಾವಿರ ಸಲಕ್ಕಿಂತ ಹೆಚ್ಚು ತುಂಬಿ ಖಾಲಿ ಮಾಡಬಹುದು. ಕೊಳ್ಳುವ ದಿನ ಬೆಲೆ ಹೆಚ್ಚೆನಿಸಿದರೂ ವರ್ಷಕ್ಕೆ ಇನ್ನೂರು ದಿನ ನೀರಿಗಿಳಿಯುವವರಿಗೆ ಇದೇ ಅಗ್ಗ ಎಂದು ನಾನು ನಂಬುತ್ತೇನೆ. ವರ್ಷಕ್ಕೆ ಇಪ್ಪತ್ತು ದಿನ ಗಾಳ ಹಾಕುವವರಿಗೆ ಸೀಸದ್ದೇ ಸಾಕು.

ಲಿಥಿಯಂ ಕೊಳ್ಳುವವರು ಎರಡು ವಿಷಯ ತಿಳಿದಿರಬೇಕು. ಅದರೊಳಗಿರುವ ಕಾವಲು ಸರ್ಕ್ಯೂಟು, ಬಿಎಂಎಸ್, ಮೋಟರಿನ 50 ಆಂಪಿಯರಿಗಿಂತ ಸಾಕಷ್ಟು ಹೆಚ್ಚಿನದನ್ನು ತಡೆಯಬೇಕು, 100 ಆಂಪಿಯರಿನದಾದರೆ ನೆಮ್ಮದಿ. ಕಡಿಮೆಯದಾದರೆ ಪಂಖಕ್ಕೆ ಒಂದು ಹಿಡಿ ಜೊಂಡು ಸಿಕ್ಕಿದ ಕೂಡಲೇ ವಿದ್ಯುತ್ತು ಕಡಿದುಹೋಗುತ್ತದೆ. ಎರಡನೆಯದು, ಸೀಸದ ಬ್ಯಾಟರಿ ಖಾಲಿಯಾಗುತ್ತ ಬಂದಂತೆ ದೋಣಿ ನಿಧಾನವಾಗಿ ಎಚ್ಚರಿಕೆ ಕೊಡುತ್ತದೆ, ಲಿಥಿಯಂ ಕೊನೆಯವರೆಗೂ ಒಂದೇ ಬಲದಿಂದ ಓಡಿಸಿ ಥಟ್ಟನೆ ನಿಲ್ಲುತ್ತದೆ. ವೋಲ್ಟ್‌ಮೀಟರೂ ನೆರವಿಗೆ ಬರುವುದಿಲ್ಲ. ವಿಶ್ರಾಂತಿಯಲ್ಲಿರುವ ಸೀಸದ ಬ್ಯಾಟರಿ 12.7 ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಅರ್ಧ ಖಾಲಿ. ಲಿಥಿಯಂ ಹೆಚ್ಚುಕಡಿಮೆ ಉದ್ದಕ್ಕೂ 13.2ರ ಆಸುಪಾಸಿನಲ್ಲೇ ಇರುತ್ತದೆ. ಹರಿದುಹೋದ ಆಂಪಿಯರನ್ನು ಎಣಿಸುವ ಶಂಟ್ ಮೀಟರೊಂದನ್ನು ಮೈನಸ್ ತಂತಿಯಲ್ಲಿ ಸೇರಿಸುವುದೇ ದಾರಿ.

ಈ ಮೀಟರು ಇದ್ದರೆ ಇನ್ನೊಂದು ಉಪಯೋಗವಿದೆ. ಒಂದು ದೋಣಿ ನಿಂತ ನೀರಿನಲ್ಲಿ 15 ಆಂಪಿಯರಿಗೆ ಗಂಟೆಗೆ 4 ಕಿಲೋಮೀಟರ್, 50 ಆಂಪಿಯರಿಗೆ ಆರೂವರೆ ಕಿಲೋಮೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ನಿಧಾನವಾಗಿ ಹೋದರೆ ಕಿಲೋಮೀಟರಿಗೆ 4 ಆಂಪಿಯರ್-ಅವರ್ ಒಳಗೆ ಸಾಕು, ವೇಗವಾಗಿ ಹೋದರೆ ಅದರ ಎರಡರಷ್ಟು. ಇದು ಹಿಂದೆ ಹೇಳಿದ ಎಂಟರಷ್ಟು ಶಕ್ತಿಯ ನಿಯಮದ ಫಲ, ನಿಧಾನವೇ ಉಳಿತಾಯ. ಆದರೆ ಇಳಿತದ ನೀರು ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ಎದುರು ಬರುತ್ತಿದ್ದರೆ? ನಿಧಾನದ ದೋಣಿ ಗಂಟೆಗೆ ಒಂದೇ ಕಿಲೋಮೀಟರ್ ಮುಂದೆ ಸಾಗುತ್ತದೆ, ಕಿಲೋಮೀಟರಿಗೆ 15 ಆಂಪಿಯರ್-ಅವರ್ ನುಂಗುತ್ತದೆ. ವೇಗದ ದೋಣಿ ಮೂರೂವರೆ ಕಿಲೋಮೀಟರ್ ಸಾಗುತ್ತದೆ, ಕಿಲೋಮೀಟರಿಗೆ 14ರ ಆಸುಪಾಸು. ಬಲವಾದ ಎದುರು ನೀರಿನಲ್ಲಿ ಮಾತ್ರ ಮೆಲ್ಲಗೆ ಹೋಗುವುದರಿಂದ ಉಳಿತಾಯವಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಉಬ್ಬರದ ಜೊತೆ ಒಳಗೆ ಹೋಗಿ ಇಳಿತದ ಜೊತೆ ಹೊರಗೆ ಬರುವುದು. ಹುಟ್ಟಿನ ಕಾಲದ ಹಿರಿಯರು ಮಾಡುತ್ತಿದ್ದುದೂ ಅದನ್ನೇ.

ಕಡಿಮೆ ವೇಗದಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಮೋಟರಿನ ನಿಯಂತ್ರಣದ ಮೇಲೂ ನಿಂತಿದೆ. ಐದು ಮುಂದೆ, ಮೂರು ಹಿಂದೆ ಎಂದು ಗುಂಡಿ ತಿರುಗಿಸುವ ಅಗ್ಗದ ಮೋಟರುಗಳು ವಿದ್ಯುತ್ತಿನ ಒಂದು ಪಾಲನ್ನು ಸುರುಳಿಯಲ್ಲಿ ಶಾಖವಾಗಿ ಸುಟ್ಟು ವೇಗ ತಗ್ಗಿಸುತ್ತವೆ. ವೇಗವನ್ನು ಎಡೆಬಿಡದೆ ಏರಿಳಿಸಬಹುದಾದ ಮೋಟರುಗಳು ವಿದ್ಯುತ್ತನ್ನು ಅತಿ ಶೀಘ್ರವಾಗಿ ಹಚ್ಚಿ ಆರಿಸಿ ಬೇಕಾದಷ್ಟನ್ನೇ ಕೊಡುತ್ತವೆ. ದಿನದ ಹೆಚ್ಚು ಹೊತ್ತು ನಿಧಾನವಾಗಿ ಓಡಿಸುವವರು ಎರಡನೆಯದಕ್ಕೆ ಹೆಚ್ಚು ಹಣ ಕೊಡುವುದು ಸಾರ್ಥಕ.

ಬ್ಯಾಟರಿಯನ್ನು ದೋಣಿಯ ನಡುಭಾಗದಲ್ಲಿ, ತಳಕ್ಕೆ ಹತ್ತಿರವಾಗಿ, ಮುಚ್ಚಳವಿರುವ ಪೆಟ್ಟಿಗೆಯಲ್ಲಿಟ್ಟು ಪಟ್ಟಿಯಿಂದ ಬಿಗಿಯಬೇಕು. ಮೋಟರೂ ಆಳೂ ಹಿಂದೆಯೇ ಇರುವಾಗ ಬ್ಯಾಟರಿಯನ್ನೂ ಹಿಂದಿಟ್ಟರೆ ಅಣಿಯ ಮೇಲೆದ್ದು ಗಾಳಿಗೆ ತಿರುಗಾಡುತ್ತದೆ. ಸೀಸದ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ, ಮುಚ್ಚಿದ ಕೋಣೆಯಲ್ಲಿ, ಬೀಡಿಯ ಕಿಡಿಯ ಬಳಿ ಚಾರ್ಜಿಗೆ ಹಾಕಬಾರದು. ಮನೆಯ ಇನ್ವರ್ಟರ್ ಸೀಸದ ಬ್ಯಾಟರಿಯನ್ನು ತುಂಬಬಲ್ಲದು, ಲಿಥಿಯಂಗೆ ಅದರದೇ ಚಾರ್ಜರ್ ಬೇಕು.

ಉಪ್ಪುನೀರಿನಲ್ಲಿ ಬಳಸುವುದಾದರೆ ಉಪ್ಪುನೀರಿಗೆಂದೇ ಮಾಡಿದ ಮೋಟರು ಕೊಳ್ಳಬೇಕು. ಪಂಖದ ಬಳಿ ಒಂದು ಬಲಿಲೋಹದ ತುಂಡಿರುತ್ತದೆ. ಉಪ್ಪುನೀರು ಮೋಟರಿನ ಕವಚವನ್ನು ತಿನ್ನುವ ಬದಲು ಅದನ್ನು ತಿನ್ನುತ್ತದೆ. ಕಡಲ ನೀರಿಗೆ ಸತುವು, ಸಿಹಿನೀರಿಗೆ ಮೆಗ್ನೀಸಿಯಂ ವಾಡಿಕೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಮಳೆಗಾಲದಲ್ಲಿ ಅಳಿವೆಯವರೆಗೂ ಸಿಹಿನೀರು ನುಗ್ಗುತ್ತದೆ, ಬೇಸಿಗೆಯಲ್ಲಿ ಉಪ್ಪು ಒಳನಾಡಿಗೆ ಏರುತ್ತದೆ. ಇಂಥ ಬೆರಕೆ ನೀರಿಗೆ ಅಲ್ಯೂಮಿನಿಯಂ ತುಂಡು ಎರಡೂ ಕಾಲಕ್ಕೆ ಹೊಂದುತ್ತದೆ. ಅರ್ಧ ಸವೆದ ಮೇಲೆ ಬದಲಿಸಬೇಕು. ದಡಕ್ಕೆ ಬಂದ ಮೇಲೆ ಒಂದು ಬಿಂದಿಗೆ ಬಾವಿನೀರು ಹೊಯ್ಯುವುದನ್ನು ತಪ್ಪಿಸಬಾರದು.

ಮೋಟರು ಸೇರಿದೊಡನೆ ದೋಣಿ ಕಾನೂನಿನ ಕಣ್ಣಿಗೆ ಯಂತ್ರಚಾಲಿತವಾಗಬಹುದು. ಒಳನಾಡಿನ ನೀರಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಿದೆ, ಜಲಾಶಯಗಳಲ್ಲಿ ಮೀನು ಹಿಡಿಯಲು ಪರವಾನಗಿ ಬೇಕು. ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಅಳಿವೆಯ ಬಾಯಿ ದಾಟಿ ಕಡಲಿಗೆ ಹೋಗುವ ಕೆಲಸಕ್ಕೆ ಈ ಮೋಟರು ಅಲ್ಲವೇ ಅಲ್ಲ. ಅಲ್ಲಿ ಅಲೆಯೂ ಸೆಳೆತವೂ ಕೂಡಿದಾಗ 25 ಕಿಲೋ ನೂಕುಬಲ ಏನೂ ಅಲ್ಲ. ಹುಟ್ಟು ಮತ್ತು ಲೈಫ್ ಜಾಕೆಟ್ ದೋಣಿಯಲ್ಲಿ ಮೊದಲಿನಂತೆಯೇ ಇರಬೇಕು.

ಎಲ್ಲ ಜೋಡಿಸಿಯಾದ ಮೇಲೆ ದಡದಲ್ಲೇ ಒಂದು ಪರೀಕ್ಷೆ ಮಾಡಿ. ಮೀನು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯ ಒಂದು ತುದಿಯನ್ನು ದಕ್ಕೆಯ ಕಂಬಕ್ಕೂ ಇನ್ನೊಂದನ್ನು ದೋಣಿಯ ಹಗ್ಗಕ್ಕೂ ಕಟ್ಟಿ, ಮೋಟರನ್ನು ಪೂರ್ತಿ ತಿರುಗಿಸಿ. 55 ಪೌಂಡಿನದಾದರೆ ಮುಳ್ಳು 25 ಕಿಲೋದ ಹತ್ತಿರ ನಿಲ್ಲಬೇಕು. ಹದಿನೆಂಟಕ್ಕೋ ಇಪ್ಪತ್ತಕ್ಕೋ ನಿಂತರೆ ಮೋಟರನ್ನು ಬೈಯುವ ಮೊದಲು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ: ಪಂಖ ಸಾಕಷ್ಟು ಮುಳುಗಿದೆಯೇ, ಓಡುತ್ತಿರುವಾಗ ಮೋಟರಿನ ತುದಿಯಲ್ಲಿ ಎಷ್ಟು ವೋಲ್ಟ್ ಇದೆ, ಬ್ಯಾಟರಿಯ ತಲೆಯಲ್ಲಿ ಎಷ್ಟಿದೆ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ತಪ್ಪು ತಂತಿಯದು. ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಪ್ರತಿ ಲಗ್ಗನ್ನೂ ಬ್ರೇಕರನ್ನೂ ಬೆರಳಿನಿಂದ ಮುಟ್ಟಿ ನೋಡಿ. ಯಾವುದು ಬೆಚ್ಚಗಿದೆಯೋ ಅಲ್ಲೇ ಕೆಲಸ ಉಳಿದಿದೆ. ಆಮೇಲೆ ಒಂದು ದಿನ ಬಲೆಯಿಲ್ಲದೆ, ಇಳಿತ ಜೋರಾಗಿರುವ ಹೊತ್ತಿನಲ್ಲಿ, ಒಂದು ಕಿಲೋಮೀಟರ್ ನೀರಿನ ವಿರುದ್ಧ ಹೋಗಿ ಎಷ್ಟು ಆಂಪಿಯರ್-ಅವರ್ ಖರ್ಚಾಯಿತೆಂದು ನೋಡಿ, ಆ ಅಂಕಿಯನ್ನು ಬಣ್ಣದಲ್ಲಿ ದೋಣಿಯ ಒಳಗಿನ ಹಲಗೆಯ ಮೇಲೆ, ಮೋಟರು ಹಿಡಿದು ಕೂತವರಿಗೆ ಕಾಣುವಂತೆ ಬರೆದಿಡಿ.